ಐವರು ಬರೆದ ಒಂದು ಅರ್ಜಿ

ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಮೊಮ್ಮಗಳು ದೂರವಾಣಿ ಕರೆ ಮಾಡಿದಳು. ಅವಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ನಾಲ್ವರು ಗೆಳತಿಯರು ಸೇರಿ ಒಂದು ಪ್ರಾಜೆಕ್ಟ್ ವರದಿ ಬರೆದಿದ್ದಾರಂತೆ. ಅದನ್ನು ಅವರ ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ.

"ತಾತ, ನಾಲ್ಕು ಜನ ನಾಲ್ಕು ಊರಿನಲ್ಲಿ ಕುಳಿತು ಬರೆದ ಹಾಗಿದೆ ಎಂದುಬಿಟ್ಟರು. ನಾಳಿದ್ದು ಕೊಡಬೇಕು. ಉಳಿದವರಿಗೆ ಹೇಳಿ ಮಾಡಿಸುವಷ್ಟು ಸಮಯವಿಲ್ಲ. ಇವತ್ತು ರಾತ್ರಿ ನಾನೊಬ್ಬಳೇ ಕುಳಿತು ಎಲ್ಲವನ್ನೂ ತಿದ್ದಿ ಒಂದೇ ಶೈಲಿಗೆ ತಂದುಬಿಡಲೇ?"

"ಬೇಡ" ಎಂದೆ. ನಾನು ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಹೇಳಿದ್ದು ಕೇಳಿ ಅವಳು ಬೆರಗಾದಳೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಏಕೆ ಬೇಡವೆಂದೆ ಎನ್ನುವುದಕ್ಕೆ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಸಂಗತಿಯನ್ನು ಅವಳಿಗೆ ಹೇಳಬೇಕಾಯಿತು. ಅದನ್ನು ಈವರೆಗೆ ನಾನು ಯಾರಲ್ಲಿಯೂ ಪೂರ್ತಿಯಾಗಿ ಹೇಳಿರಲಿಲ್ಲ. ಅದರಲ್ಲಿ ನನ್ನ ತಪ್ಪೇ ಹೆಚ್ಚಾಗಿರುವುದು ಅದಕ್ಕೆ ಕಾರಣವಿರಬಹುದು. ಈಗ ಹೇಳಿದ್ದಾಗಿದೆ. ಆದ್ದರಿಂದ ಇಲ್ಲಿಯೂ ಬರೆದಿಡುತ್ತೇನೆ.

ಅದು 2004ನೆಯ ಇಸವಿ. ಆಗ ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಭೂಪಟದಲ್ಲಿ ಅದು ಆಂಧ್ರದೊಳಗೆ ಚಾಚಿಕೊಂಡಿರುವ ಸೀಮೆ. ಮಕ್ಕಳಲ್ಲಿ ಬಹುಮಂದಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಮಳೆ ಕಡಿಮೆ, ಕೆರೆಗಳು ತುಂಬುವುದು ಅಪರೂಪ. ಆದ್ದರಿಂದ ಜನರು ಆಳದ ಕೊಳವೆ ಬಾವಿಗಳನ್ನೇ ನಂಬಿದ್ದರು. ಆ ನೆಲದ ಕೆಳಗಿನ ಬಂಡೆಗಳಲ್ಲಿರುವ ಫ್ಲೋರೈಡ್ ಅಂಶ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೋಡಲು ನೀರು ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಇರುವುದಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ಅಂಥ ನೀರನ್ನು ಕುಡಿದು ಬೆಳೆಯುವ ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಮಚ್ಚೆಗಳು, ಆಮೇಲೆ ಕಂದು ಗೆರೆಗಳು ಮೂಡುತ್ತವೆ. ಹಲ್ಲಿನ ಹೊರಪದರ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿಯೇ ಆ ಹಾನಿ ಆಗಿಹೋಗಿರುವುದರಿಂದ, ಎಷ್ಟು ಉಜ್ಜಿದರೂ ಕಲೆ ಹೋಗದು. ಬಹುಕಾಲ ಕುಡಿದವರ ಮೂಳೆ ಕೀಲುಗಳಿಗೂ ಅದು ತೊಂದರೆ ಕೊಡುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದ ಕಡೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ.

ಇದೆಲ್ಲ ನನಗೆ ತಿಳಿದದ್ದು ಮಕ್ಕಳಿಂದಾಗಿಯೇ. ಮಕ್ಕಳ ವಿಜ್ಞಾನ ಸಮಾವೇಶದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆದುಕೊಂಡು ಬಂದಿರುವ ಕಾರ್ಯಕ್ರಮ ಅದು. ಹತ್ತರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ತಂಡ ಕಟ್ಟಿಕೊಂಡು, ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ, ನೋಡಿ, ಅಳೆದು, ವರದಿ ಬರೆಯಬೇಕು. ದಿನದಿನದ ಕೆಲಸವನ್ನು ಒಂದು ದಿನಚರಿ ಪುಸ್ತಕದಲ್ಲಿ ದಾಖಲಿಸಬೇಕು. ವರದಿಯನ್ನು ತಮ್ಮ ಭಾಷೆಯಲ್ಲಿಯೇ ಬರೆಯಬಹುದು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ಊರೂರಿಗೆ ತಲುಪಿಸಿತು. ಆ ವರ್ಷ ನಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿ ಇತ್ತು. ಮುಖ್ಯೋಪಾಧ್ಯಾಯರು, "ಬರೆಯುವ ಕೆಲಸ ತಾನೇ, ನೀವೇ ನೋಡಿಕೊಳ್ಳಿ" ಎಂದು ನನ್ನ ಹೆಗಲಿಗೆ ಹಾಕಿದರು.

ತಂಡದಲ್ಲಿ ಐವರು. ಅವರ ಹೆಸರು ಬರೆಯುವುದಿಲ್ಲ. ಓದಿದರೆ ಅವರಿಗೇ ತಿಳಿಯುತ್ತದೆ. ಲೆಕ್ಕದಲ್ಲಿ ಜಾಣನಾದ ಹುಡುಗನೊಬ್ಬ ಅಳತೆಯ ಕೆಲಸ ವಹಿಸಿಕೊಂಡ. ಚಿತ್ರ ಬರೆಯುವವನೊಬ್ಬ ಊರಿನ ನಕ್ಷೆ ಮಾಡಿದ. ಮಾತುಗಾರ ಹುಡುಗನೊಬ್ಬ ಮನೆಮನೆಗೆ ಹೋಗಿ ವಿಚಾರಿಸಿದ. ಮುತ್ತಿನಂಥ ಅಕ್ಷರದ ಹುಡುಗಿ ದಿನಚರಿ ಬರೆದಳು. ಐದನೆಯವಳು ಹೆಚ್ಚು ಮಾತನಾಡದ ಹುಡುಗಿ. ನೀರಿನ ಮಾದರಿ ತರುವುದು, ಸೀಸೆ ತೊಳೆಯುವುದು, ಚೀಟಿ ಅಂಟಿಸುವುದು ಅವಳ ಪಾಲು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದು ಅವಳ ಅಭ್ಯಾಸ. ಮೂರು ವರ್ಷ ಪಾಠ ಹೇಳಿದ್ದರೂ ಅದನ್ನು ನಾನು ನಾಚಿಕೆ ಎಂದೇ ತಿಳಿದಿದ್ದೆ.

ಎರಡು ತಿಂಗಳು ಮಕ್ಕಳು ದುಡಿದರು. ಎರವಲು ತಂದಿದ್ದ ಪರೀಕ್ಷಾ ಕಿಟ್ಟಿನಲ್ಲಿ ನೀರಿಗೆ ಒಂದು ದ್ರಾವಣ ಬೆರೆಸಬೇಕು. ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಛಾಯೆ ಹಳದಿಯತ್ತ ತಿರುಗುತ್ತದೆ. ಆ ಬಣ್ಣವನ್ನು ಪಟ್ಟಿಯ ಬಣ್ಣಗಳೊಡನೆ ಹೋಲಿಸಿ ಅಳತೆ ಹೇಳಬೇಕು. ಊರಿನ ಐದು ನೀರಿನ ನೆಲೆಗಳನ್ನು ಹಾಗೆ ನೋಡಿದರು. ಆಮೇಲೆ ಒಬ್ಬೊಬ್ಬರು ಒಂದೊಂದು ಭಾಗವನ್ನು ಹಂಚಿಕೊಂಡು ಬರೆದು ತಂದರು.

ಐದು ನೋಟುಪುಸ್ತಕಗಳನ್ನು ಮೇಜಿನ ಮೇಲೆ ಹರಡಿದಾಗ ನನಗೆ ನಗು ಬಂತು. ಒಬ್ಬ, "ನೀರು ಸಕಲ ಜೀವಿಗಳಿಗೂ ಅತ್ಯವಶ್ಯಕವಾದುದು" ಎಂದು ಪರೀಕ್ಷೆಯ ಪ್ರಬಂಧದಂತೆ ಆರಂಭಿಸಿದ್ದ. ಇನ್ನೊಬ್ಬ ಬರೀ ಅಂಕಿಗಳನ್ನು ಬರೆದು, ಅವು ಏನನ್ನು ಹೇಳುತ್ತವೆ ಎಂಬುದನ್ನೇ ಬಿಟ್ಟಿದ್ದ. ಒಬ್ಬಳ ಬರಹದಲ್ಲಿ "ನಾನು", ಮತ್ತೊಬ್ಬರದರಲ್ಲಿ "ನಾವು", ಮೂರನೆಯವರದರಲ್ಲಿ "ವಿದ್ಯಾರ್ಥಿಗಳು". ಶಾಲೆಯ ಮುಂದಿನ ಒಂದೇ ಕೊಳವೆ ಬಾವಿ ಒಂದು ಪುಟದಲ್ಲಿ "ಬೋರು", ಇನ್ನೊಂದರಲ್ಲಿ "ಶಾಲೆ ಕೊಳವೆ ಬಾವಿ", ಮಗದೊಂದರಲ್ಲಿ "ಕಟ್ಟೆ ಪಂಪು" ಆಗಿತ್ತು. ಹೊರಗಿನವರು ಓದಿದರೆ ಊರಿನಲ್ಲಿ ಮೂರು ಬಾವಿಗಳಿವೆ ಎಂದುಕೊಳ್ಳಬೇಕು.

ಅವತ್ತು ನಾನು ಮಾಡಬೇಕಾಗಿದ್ದುದು ಇಷ್ಟೇ. ಐವರನ್ನೂ ಕೂರಿಸಿ, "ಈ ಮೂರು ಬಾವಿಗಳಲ್ಲಿ ಯಾವುದು ಯಾವುದು?" ಎಂದು ಕೇಳಬೇಕಾಗಿತ್ತು. ಉಳಿದುದನ್ನು ಅವರೇ ಕಂಡುಕೊಳ್ಳುತ್ತಿದ್ದರು. ಆದರೆ ಗಡುವು ಹತ್ತಿರವಿತ್ತು. ಅದಕ್ಕಿಂತಲೂ ಹೆಚ್ಚಾಗಿ, ನನ್ನ ಭಾಷೆಯ ಮೇಲೆ ನನಗೆ ಅಭಿಮಾನವಿತ್ತು. ಐದೂ ಪುಸ್ತಕಗಳನ್ನು ಮನೆಗೊಯ್ದು, ಒಂದು ಶನಿವಾರ ರಾತ್ರಿ ಆರಂಭಿಸಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇಡೀ ವರದಿಯನ್ನು ನಾನೇ ಬರೆದು ಮುಗಿಸಿದೆ. ಸೋಮವಾರ ಓದಿ ಹೇಳಿದಾಗ ಮಕ್ಕಳ ಮುಖ ಅರಳಿತು. "ಪುಸ್ತಕದ ಹಾಗಿದೆ ಸಾರ್!" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಮುತ್ತಿನ ಅಕ್ಷರದ ಹುಡುಗಿ ಅದನ್ನು ಶುದ್ಧಪ್ರತಿ ಮಾಡಿದಳು.

ನಾನು ಏನೇನು ಬದಲಿಸಿದ್ದೆ ಎಂಬುದರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಶಾಲೆಯ ಕೊಳವೆ ಬಾವಿಯ ನೀರಿನ ಬಗ್ಗೆ ಅಳತೆಯ ಹುಡುಗ, "ಒಂದೂವರೆಗಿಂತ ಹೆಚ್ಚು, ಎರಡಕ್ಕಿಂತ ಕಡಿಮೆ" ಎಂದು ಬರೆದಿದ್ದ. ಅದು ನನಗೆ ಸಂತೆಯ ಮಾತಿನಂತೆ ಕಂಡು, ಶಾಸ್ತ್ರೀಯವಾಗಿರಲಿ ಎಂದು "1.7" ಎಂದು ಮಾಡಿದೆ. ಹಲ್ಲಿನ ಕಲೆಯ ವಿಷಯಕ್ಕೆ ಮಕ್ಕಳ ಬರಹದಲ್ಲಿ ಒಂದೇ ಸಾಲಿತ್ತು. ಅದನ್ನು ಬೆಳೆಸಿ "ವಿಕೃತ ದಂತಪಂಕ್ತಿಯಿಂದ ಕುರೂಪಗೊಂಡ ಬಾಲಕ ಬಾಲಕಿಯರು" ಎಂದು ಬರೆದೆ. ಆ ಪದಪುಂಜ ಹೊಳೆದಾಗ ಸಂತೋಷವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಜಿಲ್ಲಾ ಮಟ್ಟದ ಸಮಾವೇಶಕ್ಕೆ ತುಮಕೂರಿಗೆ ಹೋದೆವು. ಮಾತುಗಾರ ಹುಡುಗ ವರದಿಯನ್ನು ತಡವರಿಸದೆ ಒಪ್ಪಿಸಿದ. ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದವರು, ಸೌಮ್ಯ ಸ್ವಭಾವದವರು. ಪುಟ ತಿರುಗಿಸಿ ಅಳತೆಯ ಹುಡುಗನನ್ನು ಕೇಳಿದರು: "ಈ ಕಿಟ್ಟಿನ ಬಣ್ಣದ ಪಟ್ಟಿಯಲ್ಲಿ ಒಂದೂವರೆ ಇದೆ, ಎರಡು ಇದೆ. ಒಂದು ಬಿಂದು ಏಳನ್ನು ನೀನು ಹೇಗೆ ಓದಿದೆ ಮಗು?" ಹುಡುಗ ಒಮ್ಮೆ ನನ್ನ ಕಡೆ ನೋಡಿದ. "ಓದಲಿಲ್ಲ ಸಾರ್" ಎಂದ. ಮತ್ತೆ ಏನನ್ನೂ ಹೇಳಲಿಲ್ಲ. ಅವನು ನನ್ನನ್ನು ತೋರಿಸಿಕೊಡಬಹುದಿತ್ತು, ತೋರಿಸಿಕೊಡಲಿಲ್ಲ.

ಅವರು ಇನ್ನೊಂದು ಪ್ರಶ್ನೆ ಕೇಳಿದರು. ಅದುವರೆಗೆ ಮಾತನಾಡದೆ ಹಿಂದೆ ನಿಂತಿದ್ದ ಹುಡುಗಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಕೇಳಿದರು: "ವಿಕೃತ ದಂತಪಂಕ್ತಿ ಅಂತ ಬರೆದಿದ್ದೀರಲ್ಲ, ಹಾಗೆಂದರೇನು ಹೇಳಮ್ಮ?"

ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದಳು. ಕೈ ತೆಗೆಯಲೇ ಇಲ್ಲ. ಅವಳಿಗೆ ಆ ಪದದ ಅರ್ಥ ಗೊತ್ತಿರಲಿಲ್ಲವೆಂದು ಮೊದಲು ನಾನು ಭಾವಿಸಿದೆ. ಅರ್ಥ ಗೊತ್ತಿದ್ದುದರಿಂದಲೇ ಅವಳು ಮಾತನಾಡಲಿಲ್ಲ ಎಂಬುದು ಮರುಕ್ಷಣದಲ್ಲಿ ಹೊಳೆಯಿತು. ಅವಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಅವಳ ಹೆಸರೂ ಇದ್ದ ವರದಿಯಲ್ಲಿ ಅವಳನ್ನು ಕುರೂಪಿ ಎಂದು ಬರೆದವನು ಅವಳ ಕನ್ನಡ ಮೇಷ್ಟರು.

ನಮ್ಮ ವರದಿ ಆಯ್ಕೆಯಾಗಲಿಲ್ಲ. ಅದು ನ್ಯಾಯವೇ.

ಹಿಂದಿರುಗುವಾಗ ಬಸ್ಸು ಮಧುಗಿರಿ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಏಕಶಿಲೆಯ ಬೆಟ್ಟ ಕಿಟಕಿಯಲ್ಲಿ ಕಪ್ಪಾಗಿ ಕಂಡು ಹಿಂದೆ ಸರಿಯಿತು. ಯಾರೂ ಮಾತನಾಡುತ್ತಿರಲಿಲ್ಲ. ನಾನು ಧೈರ್ಯ ತಂದುಕೊಂಡು, "ತಪ್ಪು ನನ್ನದು, ನೀವು ಬರೆದದ್ದೇ ಸರಿಯಾಗಿತ್ತು" ಎಂದೆ. ಮೇಷ್ಟರು ಹಾಗೆ ಹೇಳಿದರೆ ಏನು ಮಾಡಬೇಕೆಂದು ಪಾಪ ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಿನಚರಿಯ ಹುಡುಗಿ ಹೇಳಿದಳು: "ಸ್ಪರ್ಧೆ ಮುಗಿಯಿತು ಸಾರ್. ಆದರೆ ನೀರು ಹಾಗೇ ಇದೆಯಲ್ಲ."

ಆ ಮಾತಿನಿಂದಲೇ ಎರಡನೆಯ ಬರಹ ಹುಟ್ಟಿತು. ಜನವರಿಯಲ್ಲಿ ಗ್ರಾಮಸಭೆ ಇತ್ತು. ಪಂಚಾಯಿತಿಗೆ ಒಂದು ಅರ್ಜಿ ಕೊಡೋಣವೆಂದು ಮಕ್ಕಳೇ ನಿರ್ಧರಿಸಿದರು. ಅರ್ಜಿಯ ಕ್ರಮ ಅವರಿಗೆ ಗೊತ್ತಿತ್ತು. ಪತ್ರಲೇಖನದ ಪಾಠದಲ್ಲಿ "ಇವರಿಂದ, ಇವರಿಗೆ, ವಿಷಯ, ಮಾನ್ಯರೇ" ಎಂದು ನಾನೇ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷೆಯಲ್ಲಿ ಇಲ್ಲದ ಊರಿನಿಂದ ಇಲ್ಲದ ಅಧಿಕಾರಿಗೆ ಬರೆಯುತ್ತಿದ್ದ ಪತ್ರವನ್ನು ಈಗ ಇರುವ ಊರಿನಿಂದ ಇರುವ ಅಧ್ಯಕ್ಷರಿಗೆ ಬರೆಯಬೇಕಾಗಿತ್ತು.

ಈ ಸಲ ನಾನು ಲೇಖನಿ ಮುಟ್ಟುವುದಿಲ್ಲವೆಂದು ಮೊದಲೇ ಹೇಳಿಬಿಟ್ಟೆ. ಶಾಲೆ ಬಿಟ್ಟ ಮೇಲೆ ಅವರು ಜಗಲಿಯಲ್ಲಿ ಕುಳಿತು ಬರೆಯುವರು, ನಾನು ಒಳಗೆ ಕುಳಿತು ಕೇಳಿಸಿಕೊಳ್ಳುವೆನು. ಹಾಗೆ ನಾಲ್ಕು ಸಂಜೆಗಳು ಕಳೆದವು. ನಲವತ್ತು ನಿಮಿಷದಲ್ಲಿ ಬರೆಯಬಹುದಾದ ಒಂದೂವರೆ ಪುಟದ ಅರ್ಜಿಗೆ ನಾಲ್ಕು ಸಂಜೆ ಏಕೆ ಬೇಕಾಯಿತೆಂದು ನಿಮಗೆ ಅನ್ನಿಸಬಹುದು. ನಾನು ಬದುಕಿನಲ್ಲಿ ಕೇಳಿದ ಉತ್ತಮ ಪಾಠಗಳಲ್ಲಿ ಅದೂ ಒಂದು.

ಮೊದಲ ಸಂಜೆ ಅವರು ಏನನ್ನೂ ಬರೆಯಲಿಲ್ಲ. ಹೆಸರುಗಳನ್ನು ಮಾತ್ರ ಗೊತ್ತುಮಾಡಿದರು. ಇನ್ನು ಮುಂದೆ "ಶಾಲೆಯ ಕೊಳವೆ ಬಾವಿ" ಎಂದೇ ಎಲ್ಲ ಕಡೆಯೂ. ಕಾಲೊನಿಯದು "ಕೈಪಂಪು", ದೇವಸ್ಥಾನದ ಬಳಿಯದು "ನೀರಿನ ತೊಂಬೆ". ನಕ್ಷೆಯಲ್ಲಿಯೂ ಅದೇ ಹೆಸರುಗಳು. ಎರಡನೆಯ ಸಂಜೆ ಒಂದು ನಿಯಮ ಹುಟ್ಟಿತು. ಅದನ್ನು ಮಾಡಿದವನು ಅಳತೆಯ ಹುಡುಗ. ತುಮಕೂರಿನ ಪೆಟ್ಟು ಅವನಿಗೆ ಆಳವಾಗಿ ತಾಗಿತ್ತು. ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ "ಇದನ್ನು ಯಾರು ನೋಡಿದ್ದು?" ಎಂದು ಕೇಳಬೇಕು. ಯಾರಾದರೊಬ್ಬರು "ನಾನು" ಎಂದು ದಿನಚರಿಯ ತಾರೀಖು ಹೇಳಬೇಕು. ಯಾರೂ ಹೇಳದಿದ್ದರೆ ಆ ವಾಕ್ಯ ಹೋಯಿತು. "ನೀರು ಸಕಲ ಜೀವಿಗಳಿಗೂ ಅತ್ಯವಶ್ಯಕ" ಎಂಬುದು ಹಾಗೆಯೇ ಹೋಯಿತು. "ಗ್ರಾಮಸ್ಥರೆಲ್ಲರೂ ರೋಗಪೀಡಿತರಾಗಿದ್ದಾರೆ" ಎಂಬುದೂ ಹೋಯಿತು. ಉಳಿದದ್ದು ಚಿಕ್ಕದಾಗಿತ್ತು, ಆದರೆ ಪ್ರತಿ ಸಾಲಿನ ಹಿಂದೆಯೂ ಒಬ್ಬರು ನಿಂತಿದ್ದರು. ತೆಲುಗು ಮನೆಮಾತಿನ ನಕ್ಷೆಯ ಹುಡುಗ, ತನಗೆ ಅರ್ಥವಾಗದ ಪದ ಬಂದಾಗಲೆಲ್ಲ ಓದುವವರನ್ನು ನಿಲ್ಲಿಸುತ್ತಿದ್ದ. "ನಮ್ಮ ಅಜ್ಜಿಗೆ ಇದು ತಿಳಿಯಲ್ಲ" ಎನ್ನುತ್ತಿದ್ದ. ಮೊದಮೊದಲು ಉಳಿದವರು ರೇಗಿದರು. ಆಮೇಲೆ ಅವನನ್ನೇ ಒರೆಗಲ್ಲಾಗಿ ಇಟ್ಟುಕೊಂಡರು.

ಮೂರನೆಯ ಸಂಜೆ ಹಲ್ಲಿನ ವಿಷಯ ಬಂತು. ಜಗಲಿ ಒಮ್ಮೆಗೇ ನಿಶ್ಶಬ್ದವಾಯಿತು. ಒಳಗಿದ್ದ ನನಗೆ ಎದ್ದು ಹೋಗಿಬಿಡೋಣ ಎನ್ನಿಸಿತು.

ಮಾತುಗಾರ ಹುಡುಗ ನಿಧಾನವಾಗಿ, "ನಮ್ಮ ಹಲ್ಲುಗಳ ಮೇಲೆ ಕಲೆಗಳಿವೆ ಅಂತ ಬರೆಯೋಣ. ನಾವು ಐದು ಜನವೂ ಸಹಿ ಹಾಕುತ್ತೇವಲ್ಲ" ಎಂದ. ಅದು ಅವನ ಒಳ್ಳೆಯತನ. ಅವನ ಕುಟುಂಬ ಬೇರೆ ಊರಿನಿಂದ ಬಂದದ್ದು, ಅವನ ಹಲ್ಲು ಬೆಳ್ಳಗಿತ್ತು. ಉಳಿದವರೂ ಹೂಂ ಎಂದರು. ಆದರೆ ಅಳತೆಯ ಹುಡುಗ ಒಪ್ಪಲಿಲ್ಲ. "ಅದು ನಿಜವಲ್ಲ. ನನ್ನ ಹಲ್ಲಿನ ಮೇಲೆ ಇಲ್ಲ" ಎಂದ. "ನಿನಗೆ ಮನಸ್ಸೇ ಇಲ್ಲ" ಎಂದು ದಿನಚರಿಯ ಹುಡುಗಿ ಅವನ ಮೇಲೆ ಹರಿಹಾಯ್ದಳು. ಜಗಳ ಜೋರಾಯಿತು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಗೆಳತಿಯ ಪಕ್ಕದಲ್ಲಿ ನಿಲ್ಲಲು ಸುಳ್ಳು ಹೇಳಬಹುದೇ? ನಿಜ ಹೇಳಲು ಗೆಳತಿಯನ್ನು ಒಂಟಿಯಾಗಿ ನಿಲ್ಲಿಸಬಹುದೇ? ನಾನು ಎದ್ದು ಬಾಗಿಲವರೆಗೆ ಬಂದವನು ಮತ್ತೆ ಹೋಗಿ ಕುಳಿತೆ.

ಜಗಳ ನಿಲ್ಲಿಸಿದವಳು ಆ ಐದನೆಯವಳು. "ಪೆನ್ನು ಇಲ್ಲಿ ಕೊಡಿ" ಎಂದಳು. ಅವಳು ಬರೆದು ಓದಿದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: "ನಮ್ಮ ಐವರಲ್ಲಿ ಒಬ್ಬಳ ಹಲ್ಲಿನ ಮೇಲೆ ಕಂದು ಕಲೆ ಇದೆ. ಅವಳು ದಿನವೂ ಹಲ್ಲು ಉಜ್ಜುತ್ತಾಳೆ. ಅವಳು ಹುಟ್ಟಿದಂದಿನಿಂದ ಶಾಲೆಯ ಕೊಳವೆ ಬಾವಿಯ ನೀರು ಕುಡಿದಿದ್ದಾಳೆ. ಅವಳ ತಮ್ಮನಿಗೆ ಈಗ ಎರಡು ವರ್ಷ."

ಕೊನೆಯ ವಾಕ್ಯವನ್ನು ಮತ್ತೆ ಓದಿ ನೋಡಿ. ಐದೇ ಪದಗಳು. ಅರ್ಜಿಯ ಬೇಡಿಕೆ ಪೂರ್ತಿಯಾಗಿ ಅದರಲ್ಲಿದೆ. ಮೂವತ್ತು ವರ್ಷ ಭಾಷೆ ಕಲಿಸಿದ ನನಗೆ ಅಂಥ ಒಂದು ವಾಕ್ಯ ಬರೆಯಲು ಆಗುತ್ತಿರಲಿಲ್ಲ. ಅಳತೆಯ ಹುಡುಗ ತಲೆ ತಗ್ಗಿಸಿ, "ಇದನ್ನು ಯಾರು ನೋಡಿದ್ದು?" ಎಂದು ಕೇಳಲೇ ಇಲ್ಲ.

ನಾಲ್ಕನೆಯ ಸಂಜೆ ಬೇಡಿಕೆಗಳು. ಮೊದಲು ಹನ್ನೊಂದಿದ್ದವು. ಊರಿಗೆ ನದಿ ನೀರು ತರಿಸುವುದೂ ಅದರಲ್ಲಿತ್ತು. ಪಂಚಾಯಿತಿಯ ಕೈಯಲ್ಲಿ ಆಗುವುದನ್ನು ಮಾತ್ರ ಉಳಿಸಿಕೊಂಡಾಗ ಮೂರಾದವು. ಐದೂ ನೆಲೆಗಳ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬರೆಸಬೇಕು. ಮಕ್ಕಳ ಅಳತೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬಂದಿದ್ದ ಕೆರೆಯಂಗಳದ ತೆರೆದ ಬಾವಿಯ ಹೂಳು ತೆಗೆಸಬೇಕು. ಅಳತೆಯ ಭಾಗದಲ್ಲಿ, "ನಮ್ಮದು ಬಣ್ಣ ನೋಡಿ ಮಾಡಿದ ಅಂದಾಜು. ಶಾಲೆಯ ಕೊಳವೆ ಬಾವಿಯಲ್ಲಿ ಒಂದೂವರೆಗಿಂತ ಹೆಚ್ಚು, ಎರಡಕ್ಕಿಂತ ಕಡಿಮೆ" ಎಂದಿತ್ತು. ಸಹಿಗಳು ಹೆಸರಿನ ಅಕಾರಾದಿಯಲ್ಲಿ ಬಂದವು, ಯಾರು ಹೆಚ್ಚು ಯಾರು ಕಡಿಮೆ ಎಂಬ ಪ್ರಶ್ನೆಯೇ ಬರಲಿಲ್ಲ.

ಗ್ರಾಮಸಭೆಯಲ್ಲಿ ಅರ್ಜಿಯನ್ನು ಓದಿದವಳು ಅದೇ ಹುಡುಗಿ. ಓದುವೆನೆಂದು ಅವಳೇ ಕೇಳಿಕೊಂಡಳು. ಧ್ವನಿ ಸಣ್ಣದಾಗಿತ್ತು, ಹಿಂದೆ ಕುಳಿತಿದ್ದವರಿಗೆ ಕೇಳಿಸಿತೋ ಇಲ್ಲವೋ. ಗಾಳಿ ಬೀಸುತ್ತಿದ್ದುದರಿಂದ ಕಾಗದವನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಬಾಯಿ ಮುಚ್ಚಿಕೊಳ್ಳಲು ಕೈ ಬಿಡುವಾಗಿರಲಿಲ್ಲ.

ಊರು ಒಂದೇ ದಿನದಲ್ಲಿ ಬದಲಾಯಿತೆಂದು ಹೇಳಿದರೆ ನೀವು ನಂಬಬೇಡಿ. ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿ ಬರಲು ನಾಲ್ಕು ತಿಂಗಳು ಹಿಡಿಯಿತು. ಮಕ್ಕಳ ಅಂದಾಜು ಸರಿಯಾಗಿಯೇ ಇತ್ತು. ಶಾಲೆಯ ಕೊಳವೆ ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ "ಕುಡಿಯುವುದಕ್ಕೆ ಅಲ್ಲ" ಎಂದು ಬರೆಸಿದರು. ತೆರೆದ ಬಾವಿಯ ಹೂಳು ಮಾತ್ರ ಮುಂದಿನ ವರ್ಷ ತೆಗೆದರು. ಕೆಲವರು ಅಲ್ಲಿಂದ ಹೊತ್ತು ತಂದರು, ಕೆಲವರು ದೂರವೆಂದು ಬಿಟ್ಟರು. ನನಗೆ ಮರುವರ್ಷ ವರ್ಗವಾಯಿತು. 2009ರಲ್ಲಿ ನಿವೃತ್ತನಾದೆ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದಾಗ ರಾತ್ರಿ ಹತ್ತೂವರೆಯಾಗಿತ್ತು. "ಹಾಗಾದರೆ ನಾನೀಗ ಏನು ಮಾಡಲಿ?" ಎಂದಳು. "ನಾಲ್ವರೂ ಒಟ್ಟಿಗೆ ಕುಳಿತು ಗಟ್ಟಿಯಾಗಿ ಓದಿ. ಒಂದು ವಸ್ತುವಿಗೆ ಒಂದೇ ಹೆಸರಿಡಿ. ಪ್ರತಿ ವಾಕ್ಯಕ್ಕೂ ಯಾರು ಹೊಣೆ ಎಂದು ಕೇಳಿ. ಶೈಲಿ ತಾನಾಗಿ ಒಂದಾಗುತ್ತದೆ" ಎಂದೆ. ಈಗಿನವರಿಗೆ ಗೂಗಲ್ ಡಾಕ್ಸ್ ಇದೆ, ಒಂದೇ ಪುಟದಲ್ಲಿ ನಾಲ್ವರೂ ಏಕಕಾಲಕ್ಕೆ ಬರೆಯಬಹುದು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರೆಂಬುದೂ ಅದರಲ್ಲಿ ಉಳಿಯುತ್ತದಂತೆ. ಒಳ್ಳೆಯದೇ. ನನ್ನ ಕಾಲದಲ್ಲಿ ಅದಿದ್ದಿದ್ದರೆ "1.7" ಬರೆದವನು ಯಾರೆಂಬುದು ತೀರ್ಪುಗಾರರಿಗೆ ತಿಳಿದುಹೋಗುತ್ತಿತ್ತು. ಆದರೆ ಬದಲಿಸುವ ಮುನ್ನ ಪಕ್ಕದವರನ್ನು ಒಂದು ಮಾತು ಕೇಳುವ ಕೆಲಸವನ್ನು ಯಾವ ಯಂತ್ರವೂ ನಮಗಾಗಿ ಮಾಡುವುದಿಲ್ಲ.

ಆ ರಾತ್ರಿ ನಾಲ್ವರೂ ಮೊಬೈಲಿನಲ್ಲಿಯೇ ಸೇರಿ ಎರಡು ಗಂಟೆಯವರೆಗೆ ಓದಿದರಂತೆ. ಹನ್ನೆರಡು ಪುಟ ಕಡಿಮೆಯಾಯಿತಂತೆ. ವರದಿ ಸ್ವೀಕೃತವಾಯಿತೆಂದು ಮೊನ್ನೆ ತಿಳಿಸಿದಳು.

ನಿಮ್ಮ ಐವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿಷಯ. ಆ ದಿನಚರಿ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿಯೇ ಇದೆ. ಅಂಚು ಸ್ವಲ್ಪ ಹುಳು ಹಿಡಿದಿದೆ, ಅಕ್ಷರ ಚೆನ್ನಾಗಿಯೇ ಉಳಿದಿದೆ. ಅದು ನಿಮ್ಮದು, ಬಂದು ತೆಗೆದುಕೊಂಡು ಹೋಗಿ. ಬರುವಾಗ ತಮ್ಮನನ್ನೂ ಕರೆತನ್ನಿ. ಅವನಿಗೀಗ ಇಪ್ಪತ್ತು ದಾಟಿರಬೇಕು. ಅವನು ಬಾಯಿ ತುಂಬ ನಗುವುದನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.